ಹಿತ್ತಲಲ್ಲಿ ಮೂರು ಕಮಾನು: 1:32 ಅಳತೆಯಲ್ಲಿ ರಿಬ್ಬಲ್‌ಹೆಡ್

ಚಿತ್ರದುರ್ಗದ ನಮ್ಮ ಮನೆಯ ಹಿತ್ತಲು ಸಮತಟ್ಟಾಗಿಲ್ಲ. ನಡುವೆ ಮಳೆನೀರಿನ ಕಾಲುವೆಯೊಂದು ಹಾದುಹೋಗುತ್ತದೆ. ನಾನು ಲೇತ್ ಕೆಲಸದವನು. ಬಿಡುವಿನಲ್ಲಿ 45 ಮಿ.ಮೀ. ಅಗಲದ ಹಳಿಯ ಮೇಲೆ ಓಡುವ ಪುಟ್ಟ ರೈಲೊಂದನ್ನು ಮಾಡಿಕೊಂಡಿದ್ದೇನೆ. ಇಂಜಿನ್ನಿಗೆ ಹಳೇ ಕಾರಿನ ವೈಪರ್ ಮೋಟಾರು, ಬೋಗಿಗಳೂ ಸೇರಿ ತೂಕ ಆರು ಕಿಲೋ ಆಸುಪಾಸು. ಈ ಹಳಿ ಕಾಲುವೆ ದಾಟಬೇಕಿತ್ತು. ಎರಡು ಆಂಗಲ್ ಇಟ್ಟು ವೆಲ್ಡ್ ಮಾಡಿದ್ದರೆ ಒಂದು ಮಧ್ಯಾಹ್ನದಲ್ಲಿ ಮುಗಿಯುತ್ತಿತ್ತು. ಆದರೆ ದುರ್ಗದಲ್ಲಿ ಕೂತು ಕಲ್ಲು ಬಿಟ್ಟು ಕಬ್ಬಿಣದಲ್ಲಿ ಸೇತುವೆ ಮಾಡುವುದು ಯಾಕೋ ಮನಸ್ಸಿಗೆ ಬರಲಿಲ್ಲ.

ಹಾಗಾಗಿ ಕಲ್ಲಿನದೇ ಕಮಾನು ಸೇತುವೆ, ಅದೂ ಬರೀ ತೋರಿಕೆಗಲ್ಲ. ಒಳಗೆ ಕಾಂಕ್ರೀಟು ಹಾಕಿ ಹೊರಗೆ ಕಲ್ಲಿನ ಟೈಲ್ಸ್ ಅಂಟಿಸಿದ್ದು ಬೇಡ. ಕಮಾನಿನ ಕಲ್ಲುಗಳೇ ಒಂದನ್ನೊಂದು ಒತ್ತಿ ಹಿಡಿದು ನಿಲ್ಲಬೇಕು, ಕಮಾನಿನ ಸಂದಿಗಳಲ್ಲಿ ಗಾರೆ ಇರಬಾರದು. ಇಷ್ಟೇ ಷರತ್ತು.

ಯಾವ ಸೇತುವೆ

ನಮ್ಮ ದೇಶದಲ್ಲೇ ಕಾಲ್ಕಾ–ಶಿಮ್ಲಾ ದಾರಿಯಲ್ಲಿ ಕಲ್ಲಿನ ಕಮಾನುಗಳ ದೊಡ್ಡ ಸಾಲೇ ಇದೆ. ಕನೋಹ್ ಬಳಿಯ 541ನೇ ನಂಬರಿನ ಸೇತುವೆಯಂತೂ ನಾಲ್ಕು ಅಂತಸ್ತು, 34 ಕಮಾನು. ನೋಡಲು ಚೆಂದ, ಆದರೆ ನಾಲ್ಕು ಅಂತಸ್ತಿಗೆ ನನ್ನ ಕಾಲುವೆಯಲ್ಲಿ ಆಳವಿಲ್ಲ. ಸ್ವಿಟ್ಜರ್‌ಲೆಂಡಿನ ಲ್ಯಾಂಡ್‌ವಾಸರ್ ಸೇತುವೆಯ ಫೋಟೋ ಎಲ್ಲರೂ ನೋಡಿರುತ್ತಾರೆ. 65 ಮೀಟರ್ ಎತ್ತರ, 20 ಮೀಟರಿನ ಆರು ಕಮಾನು, ಕೊನೆಯಲ್ಲಿ ರೈಲು ನೇರವಾಗಿ ಬಂಡೆಯ ಸುರಂಗದೊಳಕ್ಕೆ ನುಗ್ಗುತ್ತದೆ. ಅದನ್ನು ಕೈಬಿಟ್ಟಿದ್ದು ತಿರುವಿನಿಂದಾಗಿ. 100 ಮೀಟರ್ ತ್ರಿಜ್ಯದ ತಿರುವಿನ ಮೇಲೆ ಕೂತ ಸೇತುವೆಯಲ್ಲಿ ಒಳಬದಿಯ ಅಳತೆ ಬೇರೆ, ಹೊರಬದಿಯ ಅಳತೆ ಬೇರೆ. ಅಷ್ಟು ಬಗೆಯ ಕಲ್ಲು ಕಡಿಯುವ ತಾಳ್ಮೆ ನನಗಿಲ್ಲ.

ಉಳಿದಿದ್ದು ಇಂಗ್ಲೆಂಡಿನ ಉತ್ತರ ಯಾರ್ಕ್‌ಷೈರಿನ ರಿಬ್ಬಲ್‌ಹೆಡ್. ಸೆಟ್ಲ್–ಕಾರ್ಲೈಲ್ ಮಾರ್ಗದಲ್ಲಿ ಮಿಡ್‌ಲ್ಯಾಂಡ್ ರೈಲ್ವೆ ಕಂಪನಿ ಕಟ್ಟಿಸಿದ್ದು. ಇಡೀ ಮಾರ್ಗದ ಮುಖ್ಯ ಇಂಜಿನಿಯರ್ ಜಾನ್ ಸಿಡ್ನಿ ಕ್ರಾಸ್ಲಿ. 1870ರಲ್ಲಿ ಮೊದಲ ಕಲ್ಲು ಇಟ್ಟರು, 1875ರಲ್ಲಿ ಗೂಡ್ಸ್ ಗಾಡಿ ಓಡಿತು, ಮರುವರ್ಷ ಪ್ರಯಾಣಿಕರ ಗಾಡಿ. 24 ಕಮಾನು, ಪ್ರತಿಯೊಂದರ ಅಗಲ 45 ಅಡಿ, ಅತಿ ಎತ್ತರದ ಕಡೆ 104 ಅಡಿ. ಉದ್ದ ಸುಮಾರು 400 ಮೀಟರ್, ಅಂದರೆ ಹೆಚ್ಚುಕಡಿಮೆ ನಮ್ಮ ಮಾರಿಕಣಿವೆ ಅಣೆಕಟ್ಟಿನಷ್ಟೇ. ಎಲ್ಲಾ ಅರ್ಧವೃತ್ತದ ಕಮಾನು, ಒಂದೇ ಅಚ್ಚಿನವು, ಸೆಂಟ್ರಿಂಗ್ (ಕಟ್ಟುವಾಗ ಕಮಾನಿನ ಕೆಳಗೆ ಆಸರೆ ಕೊಡುವ ಮರದ ಅಚ್ಚು) ಮತ್ತೆ ಮತ್ತೆ ಬಳಸಬಹುದು. ಆ ಗಾಳಿ-ಮಳೆಯ ಬಯಲಿನಲ್ಲಿ ಎರಡು ಸಾವಿರಕ್ಕೂ ಹೆಚ್ಚು ಜನ ದುಡಿದಿದ್ದರು, ನೂರರ ಹತ್ತಿರ ಸತ್ತರು. ಅದನ್ನು ಓದಿದ ಮೇಲೆ ಗೊಂಬೆ ಸೇತುವೆಗೂ ಸ್ವಲ್ಪ ಮರ್ಯಾದೆಯಿಂದ ಕೆಲಸ ಮಾಡಬೇಕು ಅನ್ನಿಸಿತು.

45 ಮಿ.ಮೀ. ಹಳಿಗೆ 1:32 ಸರಿಹೊಂದುವ ಅಳತೆ, ಯಾಕಂದರೆ ಅಲ್ಲಿನ ಹಳಿಯ ಅಗಲ 1,435 ಮಿ.ಮೀ. ಆ ಲೆಕ್ಕದಲ್ಲಿ ಒಂದು ಕಮಾನಿನ ಅಗಲ 43 ಸೆಂ.ಮೀ. ಅತಿ ಎತ್ತರದ ಕಂಬ ಒಂದು ಮೀಟರ್ ಬರಬೇಕು, ನನ್ನ ಕಾಲುವೆಗೆ 60 ಸೆಂ.ಮೀ. ಸಾಕು. ಮೂರು ಕಮಾನು, ನಡುವೆ ಎರಡು ಕಂಬ, ಎರಡು ತುದಿಗೆ ದಪ್ಪನೆಯ ಆನಿಕೆ ಗೋಡೆ. ಎರಡು ಹಳಿಯ ಬದಲು ಒಂದೇ ಹಳಿ, ಆದ್ದರಿಂದ ಸೇತುವೆಯ ಅಗಲ 20 ಸೆಂ.ಮೀ.

ಒಂದು ವಿಷಯದಲ್ಲಿ ಮೂಲಕ್ಕೆ ನಿಷ್ಠೆ ಇಲ್ಲ. ರಿಬ್ಬಲ್‌ಹೆಡ್‌ನ ಕಂಬಗಳು ಸುಣ್ಣಕಲ್ಲಿನವು, ಕಮಾನುಗಳ ಒಳಸುತ್ತು ಮಾತ್ರ ಇಟ್ಟಿಗೆಯದು. 1:32ರಲ್ಲಿ ಒಂದು ಇಟ್ಟಿಗೆ ಏಳು ಮಿ.ಮೀ. ಉದ್ದ, ಎರಡು ಮಿ.ಮೀ. ದಪ್ಪ ಬರುತ್ತದೆ. ಅದನ್ನು ಜೋಡಿಸುವವರು ಜೋಡಿಸಲಿ. ನನ್ನದು ಪೂರ್ತಿ ಊರಿನ ಬೂದು ಗ್ರಾನೈಟ್.

ಕಲ್ಲಿಗೆ ಎಳೆತ ಆಗದು

ಕೋಟೆಗೆ ಹೋದಾಗ ಬಾಗಿಲುಗಳನ್ನು ಒಮ್ಮೆ ತಲೆ ಎತ್ತಿ ನೋಡಿ. ಬಾಗಿಲಿನ ಮೇಲೆ ಉದ್ದನೆಯ ಕಲ್ಲಿನ ತೊಲೆಗಳು ಅಡ್ಡ ಮಲಗಿವೆ. ಅಷ್ಟು ದಪ್ಪದ ತೊಲೆ ಅಷ್ಟೇ ಅಗಲದ ಬಾಗಿಲಿಗೆ ಯಾಕೆ ಬೇಕಾಯಿತು? ತೊಲೆಯ ಮೇಲೆ ಭಾರ ಬಿದ್ದರೆ ಅದರ ಮೇಲ್ಭಾಗ ಒತ್ತಿಕೊಳ್ಳುತ್ತದೆ, ಕೆಳಭಾಗ ಎಳೆದುಕೊಳ್ಳುತ್ತದೆ. ಗ್ರಾನೈಟ್ ಒತ್ತಡಕ್ಕೆ ರಾಕ್ಷಸ. ಚದರ ಸೆಂ.ಮೀ.ಗೆ ಸಾವಿರ ಕಿಲೋಗೂ ಹೆಚ್ಚು ತಡೆಯುತ್ತದೆ. ಎಳೆತಕ್ಕೆ ಅದರ ಹತ್ತನೇ ಒಂದು ಭಾಗವೂ ಕಷ್ಟ. ಬಂಡೆಯಲ್ಲಿ ಸಾಲಾಗಿ ಕುಳಿ ತೋಡಿ ಬೆಣೆ ಬಡಿದು ಸೀಳುತ್ತಿದ್ದದ್ದು ಈ ದುರ್ಬಲತೆಯನ್ನು ಹಿಡಿದೇ. ಆ ಕುಳಿಗಳ ಸಾಲು ಇವತ್ತಿಗೂ ಕೋಟೆಯ ಬಂಡೆಗಳ ಮೇಲೆ ಹೊಲಿಗೆ ಹಾಕಿದಂತೆ ಕಾಣುತ್ತದೆ.

ಕಮಾನು ಮಾಡುವುದು ಇಷ್ಟೇ: ಎಳೆತ ಅನ್ನೋದೇ ಇಲ್ಲದ ಹಾಗೆ ಭಾರವನ್ನು ಒತ್ತಡವಾಗಿ ಪಕ್ಕದ ಕಲ್ಲಿಗೆ, ಅಲ್ಲಿಂದ ಅದರ ಪಕ್ಕದ್ದಕ್ಕೆ, ಕೊನೆಗೆ ಕಂಬಕ್ಕೆ ದಾಟಿಸುವುದು. ಒತ್ತಡದ ಲೆಕ್ಕಕ್ಕೆ ಬಂದರೆ, 30 ಮೀಟರ್ ಎತ್ತರದ ಕಲ್ಲಿನ ಕಂಬದ ಬುಡದಲ್ಲಿ ಅದರದೇ ಭಾರದಿಂದ ಬೀಳುವ ಒತ್ತಡ ಚದರ ಸೆಂ.ಮೀ.ಗೆ ಸುಮಾರು 8 ಕಿಲೋ. ಮೇಲಿನ ಕಮಾನು, ರೈಲು ಎಲ್ಲಾ ಸೇರಿಸಿಕೊಂಡರೂ ಕಲ್ಲಿನ ಶಕ್ತಿಗೆ ಅದು ಏನೇನೂ ಅಲ್ಲ. ಅಂದಮೇಲೆ ಕಲ್ಲು ಪುಡಿಯಾಗುತ್ತದಾ ಅನ್ನುವುದು ಇಲ್ಲಿ ಪ್ರಶ್ನೆಯೇ ಅಲ್ಲ, ಆಕಾರ ಸರಿಯಿದೆಯಾ ಅನ್ನುವುದು ಪ್ರಶ್ನೆ. ಆಕಾರದ ಪ್ರಶ್ನೆಗೆ ಅಳತೆ ದೊಡ್ಡದಾದರೂ ಸಣ್ಣದಾದರೂ ಉತ್ತರ ಒಂದೇ. ಮಾದರಿ ಕಟ್ಟಿ ಕಲಿಯುವುದಕ್ಕೆ ಕಲ್ಲಿನ ಕಮಾನಿನಷ್ಟು ಒಳ್ಳೆಯ ವಸ್ತು ಇನ್ನೊಂದಿಲ್ಲ ಅನ್ನೋದು ಇದೇ ಕಾರಣಕ್ಕೆ. ಉಕ್ಕಿನ ಸೇತುವೆಯ ಮಾದರಿ ಗಟ್ಟಿಯಾಗಿ ನಿಂತರೆ ದೊಡ್ಡದರ ಬಗ್ಗೆ ಏನೂ ಹೇಳಿದಂತಾಗಲ್ಲ.

ಎಷ್ಟು ದಪ್ಪ?

ಇಂಗ್ಲೆಂಡಿನ ವಿಜ್ಞಾನಿ ರಾಬರ್ಟ್ ಹುಕ್ 1675ರಲ್ಲೇ ಹೇಳಿದ್ದ: ಸರಪಳಿ ಹೇಗೆ ತೂಗುತ್ತದೋ ಅದನ್ನು ತಲೆಕೆಳಗು ಮಾಡಿದರೆ ಕಮಾನು ಹಾಗೆ ನಿಲ್ಲುತ್ತದೆ. ವರ್ಕ್‌ಶಾಪಿನ ಗೋಡೆ ಮೇಲೆ ಕಮಾನನ್ನು ಪೂರ್ತಿ ಅಳತೆಯಲ್ಲಿ ತಲೆಕೆಳಗಾಗಿ ಸೀಮೆಸುಣ್ಣದಲ್ಲಿ ಬರೆದು, ಎರಡು ಮೊಳೆಗೆ ಸಣ್ಣ ಕಬ್ಬಿಣದ ಸರಪಳಿ ತೂಗುಬಿಟ್ಟೆ. ಸರಪಳಿ ಅರ್ಧವೃತ್ತವಾಗಿ ತೂಗಲ್ಲ. ತಳದಲ್ಲಿ ಒಂದು ಗೆರೆಗೆ, ಬದಿಗಳಲ್ಲಿ ಇನ್ನೊಂದು ಗೆರೆಗೆ ವಾಲುತ್ತದೆ. ಕಮಾನಿನ ಒಳಗೆರೆ-ಹೊರಗೆರೆಯ ನಡುವೆಯೇ ಅದು ಅಡಗಿದರೆ ಕಮಾನು ನಿಲ್ಲುತ್ತದೆ, ಎಲ್ಲಾದರೂ ಆಚೆ ಹೋದರೆ ಬೀಳುತ್ತದೆ.

ಅರ್ಧವೃತ್ತದ ಕಮಾನು ತನ್ನ ಭಾರಕ್ಕೇ ನಿಲ್ಲಲು ಕನಿಷ್ಠ ಎಷ್ಟು ದಪ್ಪ ಬೇಕು ಅನ್ನುವುದನ್ನು ಸರಿಯಾಗಿ ಬಿಡಿಸಿದವನು ಮಿಲುಟಿನ್ ಮಿಲಾಂಕೋವಿಚ್. ಹಿಮಯುಗಗಳ ಲೆಕ್ಕದಿಂದ ಹೆಸರಾದ ಸರ್ಬಿಯಾದವನೇ. ಆದರೆ 1904ರಲ್ಲಿ ವಿಯೆನ್ನಾದಲ್ಲಿ ಡಾಕ್ಟರೇಟ್ ಪಡೆದಿದ್ದು ಸಿವಿಲ್ ಇಂಜಿನಿಯರಿಂಗಿನಲ್ಲಿ, ವಿಷಯ ಇದೇ ಒತ್ತಡದ ಗೆರೆಗಳು, ಅಂದರೆ ಕಮಾನಿನೊಳಗೆ ಭಾರ ಕಲ್ಲಿಂದ ಕಲ್ಲಿಗೆ ದಾಟುವ ದಾರಿ. ಉತ್ತರ: ದಪ್ಪ ಸರಾಸರಿ ತ್ರಿಜ್ಯದ ಶೇ. 10.75 ಇರಲೇಬೇಕು. ನನ್ನ ಒಳತ್ರಿಜ್ಯ 21.5 ಸೆಂ.ಮೀ., ಹಾಗಾಗಿ ಸುಮಾರು 2.5 ಸೆಂ.ಮೀ.ಗಿಂತ ತೆಳುವಾದರೆ ಯಾವ ದೇವರೂ ನಿಲ್ಲಿಸಲಾರ. ನಾನು 4 ಸೆಂ.ಮೀ. ಇಟ್ಟುಕೊಂಡೆ. ಗ್ರಾನೈಟ್ ಕಟಿಂಗ್ ಯೂನಿಟ್‌ನಲ್ಲಿ ಆ ದಪ್ಪದ ಉಳಿಕೆ ತುಂಡುಗಳು ಸಿಕ್ಕಿದ್ದೂ ಒಂದು ಕಾರಣ.

ಕಲ್ಲು ಕತ್ತರಿಸುವುದು

ಕಮಾನಿಗೆ 21 ಕಲ್ಲು. ಬೆಸ ಸಂಖ್ಯೆ ಯಾಕಂದರೆ ನೆತ್ತಿಯಲ್ಲಿ ಸಂದಿ ಬರಬಾರದು, ಕೀಲುಗಲ್ಲು ಬರಬೇಕು. 180 ಡಿಗ್ರಿಯನ್ನು 21ರಿಂದ ಭಾಗಿಸಿದರೆ ಒಂದು ಕಲ್ಲಿಗೆ 8.57 ಡಿಗ್ರಿ. ಒಳಮುಖ 32 ಮಿ.ಮೀ., ಹೊರಮುಖ 38 ಮಿ.ಮೀ., ಉದ್ದ 20 ಸೆಂ.ಮೀ., ತೂಕ ಮುಕ್ಕಾಲು ಕಿಲೋ. ಮೂರು ಕಮಾನಿಗೆ ಇಂಥವು 63.

ಯೂನಿಟ್‌ನವರು 39 ಮಿ.ಮೀ. ಅಗಲದ ಪಟ್ಟಿಗಳಾಗಿ ಸೀಳಿಕೊಟ್ಟರು. ಎರಡೂ ಬದಿಯಿಂದ ಮೂರು ಮೂರು ಮಿ.ಮೀ. ಓರೆಯಾಗಿ ತೆಗೆಯುವುದು ನನ್ನ ಕೆಲಸ. ಕಲ್ಲನ್ನು ಓರೆಯಾಗಿ ಹಿಡಿದುಕೊಳ್ಳಲು ಎಂ.ಎಸ್. ಪ್ಲೇಟಿನಲ್ಲಿ ಒಂದು ಜಿಗ್ ಮಾಡಿದೆ. 4.28 ಡಿಗ್ರಿಯ ಇಳಿಜಾರು, ಒಂದು ತುದಿಗೆ ಸ್ಟಾಪರ್, ಮೇಲಿಂದ ಎರಡು ಕ್ಲಾಂಪ್. ಏಳಿಂಚಿನ ಡೈಮಂಡ್ ಬ್ಲೇಡು, ಮೇಲಿಂದ ಸಣ್ಣ ಪೈಪಿನಲ್ಲಿ ನೀರು. ನೀರಿಲ್ಲದೆ ಗ್ರಾನೈಟ್ ಕತ್ತರಿಸಲೇಬೇಡಿ. ಆ ಬಿಳಿ ಧೂಳಿನಲ್ಲಿರುವುದು ಸಿಲಿಕಾ, ಶ್ವಾಸಕೋಶದೊಳಗೆ ಹೋದದ್ದು ಹೊರಗೆ ಬರಲ್ಲ. ನೀರಿದ್ದರೂ ಮಾಸ್ಕ್ ಬೇಕು. ಮೂಗಿಗೆ ಟವೆಲ್ ಕಟ್ಟಿಕೊಂಡರೆ ಸಾಕು ಅನ್ನುವವರ ಮಾತು ಕೇಳಬೇಡಿ.

ಕತ್ತರಿಸಿದ ಕಲ್ಲುಗಳನ್ನು ಸಿಮೆಂಟ್ ನೆಲದ ಮೇಲೆ ಬರೆದ ಪೂರ್ತಿ ಅಳತೆಯ ನಕ್ಷೆ ಮೇಲೆ ಮಲಗಿಸಿ ಜೋಡಿಸಿದೆ. ಒಂದೊಂದು ಕಲ್ಲು 0.3 ಮಿ.ಮೀ. ಹೆಚ್ಚಾದರೂ 21 ಸೇರಿದಾಗ ಆರು ಮಿ.ಮೀ. ಆಗುತ್ತದೆ. ಆದ್ದರಿಂದ ಕೀಲುಗಲ್ಲನ್ನು ಮೊದಲೇ ಕತ್ತರಿಸಬಾರದು. ಉಳಿದ 20 ಜೋಡಿಸಿ, ಉಳಿದ ಜಾಗವನ್ನು ವರ್ನಿಯರ್‌ನಲ್ಲಿ ಅಳೆದು ಅದಕ್ಕೆ ತಕ್ಕಂತೆ. ಮೂರು ಕಮಾನಿನ ಕೀಲುಗಲ್ಲುಗಳೂ ಬೇರೆ ಬೇರೆ ಅಳತೆಗೆ ಬಂದವು. ಹಿಂಬದಿಗೆ ನಂಬರ್ ಬರೆದಿಟ್ಟೆ.

ಕಂಬಗಳಿಗೆ ಕೈಯಿಂದ ಕೆತ್ತಿದ ಕಲ್ಲೇ ಬೇಕಿತ್ತು, ಬ್ಲೇಡಿನ ನುಣುಪು ಅಲ್ಲಿ ಸಪ್ಪೆ. ಅದಕ್ಕೆ ಪರಿಚಯದ ಹಿರಿಯ ಕಲ್ಲುಕೆಲಸದ ಮೇಸ್ತ್ರಿಯೊಬ್ಬರನ್ನು ಹಿಡಿದೆ. ನಕ್ಷೆ ನೋಡಿ ಅವರು ಮೊದಲು ನಕ್ಕರು.

"ಗೊಂಬೆ ರೈಲಿಗೆ ಇಷ್ಟು ಕಲ್ಲೇನಪ್ಪಾ?"

"ಆಡಿಸೋಕೆ ಅಲ್ಲಣ್ಣ, ನಿಲ್ಲುತ್ತಾ ನೋಡೋಕೆ."

ಚಾಣ ಹಿಡಿದು ಕೂತರೆ ಅವರ ಕೈ ಬೇರೆಯೇ. ಕಲ್ಲನ್ನು ಒಮ್ಮೆ ತಟ್ಟಿ ಸದ್ದು ಕೇಳುತ್ತಾರೆ, ಡಬ್ಬೆಂದರೆ ಪಕ್ಕಕ್ಕೆಸೆಯುತ್ತಾರೆ, ಕಣ್‌ ಎಂದರೆ ಮಾತ್ರ ಗೆರೆ ಹಾಕುತ್ತಾರೆ. ಒಳಗೆ ಬಿರುಕಿರುವ ಕಲ್ಲು ಸದ್ದಿನಲ್ಲೇ ಸಿಕ್ಕಿಬೀಳುತ್ತದೆ. ನಾನು ಚೆನ್ನಾಗಿದೆ ಅಂದುಕೊಂಡು ತೆಗೆದಿಟ್ಟಿದ್ದರಲ್ಲಿ ಎರಡನ್ನು ಹೀಗೇ ಎಸೆದರು. ಒಂದನ್ನು ಆಮೇಲೆ ಒಡೆದು ನೋಡಿದೆ. ಒಳಗೆ ಕೂದಲಿನಷ್ಟು ತೆಳುವಾದ ಕಂದು ಗೆರೆ, ನೀರು ಇಳಿದ ಗುರುತು.

ಬೆಂಚಿನ ಮೇಲೆ ಒಂಟಿ ಕಮಾನು

ಹಿತ್ತಲಿಗೆ ಹೋಗುವ ಮೊದಲು ವರ್ಕ್‌ಶಾಪಿನಲ್ಲಿ ಒಂದು ಕಮಾನು ನಿಲ್ಲಿಸಿ ಪರೀಕ್ಷೆ ಮಾಡಿದೆ. ಇಡೀ ಕೆಲಸದಲ್ಲಿ ಅತ್ಯಂತ ಖುಷಿ ಕೊಟ್ಟ ಭಾಗ ಇದು.

18 ಮಿ.ಮೀ. ಪ್ಲೈವುಡ್‌ನ ಎರಡು ಅರ್ಧಚಂದ್ರ, ಮೇಲೆ ಅಡ್ಡಪಟ್ಟಿ. ಇದು ಸೆಂಟ್ರಿಂಗ್. ಅದರ ಕೆಳಗೆ ಒಂದರ ಮೇಲೊಂದು ಎದುರುಬದುರಾಗಿ ಇಟ್ಟ ಮರದ ಬೆಣೆ ಜೋಡಿ. ಬೆಣೆಗೆ ಹಿಂದಿನಿಂದ ಮೆಲ್ಲಗೆ ತಟ್ಟಿದರೆ ಸೆಂಟ್ರಿಂಗ್ ಒಂದೊಂದೇ ಮಿ.ಮೀ. ಇಳಿಯುತ್ತದೆ. ದೊಡ್ಡ ಸೇತುವೆಗಳಲ್ಲೂ ಇದೇ ಉಪಾಯ. ಧಡಕ್ಕೆಂದು ಕಿತ್ತರೆ ಕಮಾನು ಧಡಕ್ಕೆಂದೇ ಕೂರುತ್ತದೆ.

ಎರಡೂ ಕಡೆಯಿಂದ ಸಮನಾಗಿ ಕಲ್ಲಿಡುತ್ತಾ ಹೋಗಬೇಕು. ಮೊದಲ ಮೂರು ಕಲ್ಲುಗಳಿಗೆ ಸೆಂಟ್ರಿಂಗ್ ಬೇಕಾಗಲೇ ಇಲ್ಲ, ತಮ್ಮಷ್ಟಕ್ಕೆ ಕೂತವು. ಕಲ್ಲಿನ ಮೇಲೆ ಕಲ್ಲು ಜಾರಲು ಸುಮಾರು 30 ಡಿಗ್ರಿಗಿಂತ ಹೆಚ್ಚು ಇಳಿಜಾರು ಬೇಕು. ಮೂರು ಕಲ್ಲಿಗೆ 26 ಡಿಗ್ರಿ ಆಗಿರುತ್ತದೆ. ನಾಲ್ಕನೆಯದರ ನಂತರ 34 ಡಿಗ್ರಿ, ಐದನೆಯ ಕಲ್ಲು ಸೆಂಟ್ರಿಂಗಿಗೆ ಒರಗಿಕೊಂಡಿತು.

ಕಮಾನಿನ ಒಂದು ಕಾಲನ್ನು ಬೆಂಚಿಗೆ ಬಿಗಿದಿದ್ದೆ. ಇನ್ನೊಂದು ಕಾಲು ನಾಲ್ಕು ಉಕ್ಕಿನ ರಾಡುಗಳ ಮೇಲೆ, ಅಂದರೆ ಉರುಳುವ ಹಾಗೆ. ಅದನ್ನು ಹೊರಕ್ಕೆ ಹೋಗದಂತೆ ಹಿಡಿದಿದ್ದದ್ದು ಒಂದು ಟರ್ನ್‌ಬಕಲ್ (ತಿರುಗಿಸಿ ಬಿಗಿ ಅಥವಾ ಸಡಿಲ ಮಾಡುವ ಕೊಂಡಿ) ಮತ್ತು ಲಗೇಜ್ ತೂಗುವ ಡಿಜಿಟಲ್ ತಕ್ಕಡಿ. ಬೆಣೆ ಇಳಿಸಿದೆ. ಸೆಂಟ್ರಿಂಗಿಗೂ ಕಲ್ಲಿಗೂ ನಡುವೆ ಬೆಳಕು ಕಂಡಿತು. ಹದಿನೈದೂವರೆ ಕಿಲೋ ಕಲ್ಲು ಗಾರೆಯ ಒಂದು ಹನಿಯೂ ಇಲ್ಲದೆ ನಿಂತಿತ್ತು.

ಆಮೇಲೆ ಟರ್ನ್‌ಬಕಲ್ ಸಡಿಲಿಸುತ್ತಾ ಹೋದೆ. ತಕ್ಕಡಿ ತೋರಿಸುತ್ತಿದ್ದ ಎಳೆತ ಇಳಿಯಿತು, ಇಳಿದು ಮೂರು ಕಿಲೋ ಹತ್ತಿರ ನಿಂತುಬಿಟ್ಟಿತು. ಇನ್ನಷ್ಟು ಸಡಿಲಿಸಿದರೂ ಅಷ್ಟೇ. ಆದರೆ ಕಮಾನಿನಲ್ಲಿ ಬದಲಾವಣೆ ಕಾಣತೊಡಗಿತು. ನೆತ್ತಿಯಲ್ಲಿ ಸಂದಿ ಕೆಳಗಿನಿಂದ ಬಾಯಿ ಬಿಟ್ಟಿತು, ಹಳೇ ಬಸ್ ಪಾಸ್ ಕಾರ್ಡು ತೂರುವಷ್ಟು. ಎರಡು ಬದಿಗಳಲ್ಲಿ, ಬುಡದಿಂದ ಸುಮಾರು 35 ಡಿಗ್ರಿ ಮೇಲೆ, ಸಂದಿ ಹೊರಗಿನಿಂದ ಬಾಯಿ ಬಿಟ್ಟಿತು. ಕಲ್ಲುಗಳು ಬಿರುಕು ಬಿಡುತ್ತಿಲ್ಲ, ಬಾಗಿಲ ತಿರುಗಣೆಯ ಹಾಗೆ ಒಂದು ಅಂಚಿನ ಮೇಲೆ ತಿರುಗುತ್ತಿವೆ, ಅಷ್ಟೇ. ಕಾಲು ಸರಿದರೆ ಕಮಾನು ಕೂಡಲೇ ಬೀಳಲ್ಲ, ಮೂರು ಕಡೆ ತಿರುಗಣೆ ಮಾಡಿಕೊಂಡು ಹೊಸ ಅಗಲಕ್ಕೆ ಹೊಂದಿಕೊಳ್ಳುತ್ತದೆ. ಹಳೇ ಕಲ್ಲಿನ ಸೇತುವೆಯ ನೆತ್ತಿಯಲ್ಲಿ ಒಂದು ಬಿರುಕು ಕಂಡ ಕೂಡಲೇ ಹೋಯಿತು ಅಂತ ಬಾಯಿ ಬಡಿದುಕೊಳ್ಳುವವರು ಇದನ್ನೊಮ್ಮೆ ನೋಡಬೇಕು. ಅದು ಕಾಲು ಸ್ವಲ್ಪ ಸರಿದಿದೆ ಅನ್ನುವ ಸುದ್ದಿ. ಕಾಲು ಇನ್ನೂ ಸರಿಯುತ್ತಿದೆಯಾ ಅನ್ನುವುದನ್ನು ನೋಡಬೇಕು.

ಇನ್ನೊಂದು ಪರೀಕ್ಷೆ. ಕಾಲುಗಳನ್ನು ವಾಪಸ್ ಬಿಗಿದು, ಸೆಂಟ್ರಿಂಗನ್ನು ಒಂದು ಸೆಂ.ಮೀ. ಕೆಳಗಿಟ್ಟು, ಕಮಾನಿನ ಅಗಲದ ನಾಲ್ಕನೇ ಒಂದು ಭಾಗ ಬರುವ ಕಡೆ ಕೊಕ್ಕೆಯಿಂದ ಚೀಲ ತೂಗಿಬಿಟ್ಟು ಅದಕ್ಕೆ ಜಲ್ಲಿ ಹಾಕುತ್ತಾ ಬಂದೆ. ನಾಲ್ಕು ಕಿಲೋ ದಾಟುವ ಹೊತ್ತಿಗೆ ಭಾರದ ಕಡೆ ಕಮಾನು ತಗ್ಗಿತು, ಎದುರು ಬದಿ ಮೇಲೆದ್ದಿತು. ನಾಲ್ಕನೇ ತಿರುಗಣೆ ಹುಟ್ಟಿತು, ಕಮಾನು ಸೆಂಟ್ರಿಂಗಿನ ಮೇಲೆ ಕೂತಿತು. ಅಂದರೆ ಬರೀ ಕಲ್ಲಿನ ಸುತ್ತು ನನ್ನ ಆರು ಕಿಲೋ ರೈಲನ್ನೇ ಹೊರಲಾರದು!

ಅದೇ ಕಮಾನಿನ ಎರಡೂ ಹೆಗಲಿಗೆ (ಕಾಲಿಗೂ ನೆತ್ತಿಗೂ ನಡುವಿನ ಹೊರಬದಿ), ಅರ್ಧ ಎತ್ತರದವರೆಗೆ, ಕಲ್ಲುಚೂರು ಮತ್ತು ಸುಣ್ಣದ ಗಾರೆ ತುಂಬಿ ಗಟ್ಟಿಯಾಗಲು ಬಿಟ್ಟು, ಮೇಲೆ ಜಲ್ಲಿ ಹಾಸಿ, 50 ಕೆ.ಜಿ.ಯ ಸಿಮೆಂಟ್ ಚೀಲ ಹೇರಿದೆ. ಒಂದು ಸಂದಿಯೂ ಅಲುಗಲಿಲ್ಲ. ಕಲ್ಲು ಅವೇ, ಆಕಾರ ಅದೇ. ಬದಲಾಗಿದ್ದು ಹೆಗಲ ಮೇಲಿನ ತುಂಬು ಮಾತ್ರ. ತಿರುಗಣೆ ಹುಟ್ಟಬೇಕಾದ ಜಾಗವನ್ನೇ ಅದು ಅಮುಕಿ ಹಿಡಿಯುತ್ತದೆ, ಎದ್ದೇಳಬೇಕಾದ ಬದಿಯನ್ನು ಭಾರದಿಂದ ಕೂರಿಸುತ್ತದೆ. ಕಲ್ಲಿನ ಸೇತುವೆಯ ಫೋಟೋಗಳಲ್ಲಿ ಎಲ್ಲರ ಕಣ್ಣು ಕಮಾನಿನ ಮೇಲೆ. ರೈಲನ್ನು ಹೊರುವ ಅರ್ಧ ಕೆಲಸ ಗೋಡೆಯ ಹಿಂದೆ ಕಾಣದೆ ಕೂತ ಆ ಕಲ್ಲು-ಗಾರೆಯದು. ಸೇತುವೆಯ ಸ್ವಂತ ಭಾರದ ಮುಂದೆ ರೈಲು ಹಗುರ ಆಗಿದ್ದಷ್ಟೂ ಒತ್ತಡದ ಗೆರೆ ಜಾಗ ಬಿಟ್ಟು ಕದಲಲ್ಲ.

ಅಡಿಪಾಯ, ಕಂಬ

ರಿಬ್ಬಲ್‌ಹೆಡ್ ಇರುವುದು ಕೊಳೆತ ಗಿಡಗಂಟಿಯ ಜೌಗು ನೆಲದಲ್ಲಿ. ಉಣ್ಣೆಯ ಮೂಟೆಗಳ ಮೇಲೆ ಸೇತುವೆ ನಿಲ್ಲಿಸಿದ್ದಾರೆ ಅಂತ ಅಲ್ಲಿನವರು ಕತೆ ಹೇಳುತ್ತಾರಂತೆ. ನಿಜಕ್ಕೂ ಮಾಡಿದ್ದು ಜೌಗು, ಜೇಡಿ ಎರಡನ್ನೂ ಅಗೆದು 25 ಅಡಿ ಕೆಳಗಿನ ಬಂಡೆಗೆ ಹೋಗಿದ್ದು. ನಮ್ಮ ಹಿತ್ತಲಿಗೆ ಅಷ್ಟು ಕಷ್ಟವಿಲ್ಲ. ಮೇಲೆ ಕೆಂಪು ಮಣ್ಣು, ಹಾರೆ ಹಾಕಿದರೆ ಎರಡು ಅಡಿಯೊಳಗೆ ಗಟ್ಟಿ ಗರಸು. ಜಲ್ಲಿ ಹಾಸಿ ಧಮ್ಮಸ್ ಮಾಡಿ, ನಾಲ್ಕೂ ಕಾಲಿಗೆ ಸೇರಿ ಒಂದೇ ಉದ್ದನೆಯ ಕಾಂಕ್ರೀಟ್ ಪಟ್ಟಿ ಹಾಕಿದೆ. ಕಾಣುವ ಕಡೆ ಸಿಮೆಂಟ್ ಬೇಡ ಅಂದವನು ನೆಲದೊಳಗೆ ಹಾಕಿದ್ದು ಕಾಲು ಸರಿಯಬಾರದು ಅಂತ. ಬೆಂಚಿನ ಮೇಲೆ ನೋಡಿದ್ದು ಇನ್ನೂ ಕಣ್ಣ ಮುಂದಿತ್ತು.

ಕಂಬ ಮೇಲೆ 8 ಸೆಂ.ಮೀ. ದಪ್ಪ, ಬುಡದಲ್ಲಿ 10. ಮೂಲದಲ್ಲೂ ಮೇಲೆ ಆರೇ ಅಡಿ. ಅಷ್ಟು ತೆಳ್ಳಗಿನ ಕಂಬ ಹೇಗೆ ನಿಲ್ಲುತ್ತದೆ ಅಂದರೆ ಎಡಗಡೆಯ ಕಮಾನು ಬಲಕ್ಕೆ ತಳ್ಳುತ್ತದೆ, ಬಲಗಡೆಯದು ಎಡಕ್ಕೆ. ಎರಡೂ ವಜಾ ಆಗಿ ಕಂಬಕ್ಕೆ ನೇರ ಭಾರ ಮಾತ್ರ ಉಳಿಯುತ್ತದೆ. ಒಂದು ಕಡೆ ಕಮಾನೇ ಇಲ್ಲದಿದ್ದರೆ? ಕಾಗದದ ಮೇಲೆ ಲೆಕ್ಕ ಹಾಕಿದೆ. ಬರೀ ಕಲ್ಲಿನ ಸುತ್ತಿನ ತಳ್ಳು ಮೂರು ಕಿಲೋ, ಎತ್ತರ 60 ಸೆಂ.ಮೀ., ಎರಡನ್ನೂ ಗುಣಿಸಿದರೆ ಉರುಳಿಸುವ ಬಲ 180 ಕಿಲೋ-ಸೆಂ.ಮೀ. ಕಂಬ ಮತ್ತು ಅರ್ಧ ಕಮಾನಿನ ಭಾರ ತಡೆಯುವುದು 200ರ ಹತ್ತಿರ. ಜೀವ ಹಿಡಿದುಕೊಂಡು ನಿಂತೀತು. ಮೇಲೆ ತುಂಬು ಹಾಕಿದರೆ ಉರುಳಿಸುವುದು 330, ತಡೆಯುವುದು 260. ಉರುಳುತ್ತದೆ. ಅದು ಉರುಳಿದರೆ ಅದರಾಚೆಯ ಕಂಬಕ್ಕೂ ಅದೇ ಗತಿ, ಹೀಗೆ ಕೊನೆಯವರೆಗೂ.

24 ಕಮಾನಿನ ಸೇತುವೆಗೆ ಈ ಭಯ ಸಣ್ಣದಲ್ಲ. ಹಾಗಾಗಿಯೇ ರಿಬ್ಬಲ್‌ಹೆಡ್‌ನಲ್ಲಿ ಪ್ರತಿ ಆರನೇ ಕಂಬ ಉಳಿದವಕ್ಕಿಂತ ದಪ್ಪ. ಒಂದು ಕಮಾನು ಹೋದರೂ ಹೆಚ್ಚೆಂದರೆ ಆರು ಹೋಗಬೇಕು, ದಪ್ಪ ಕಂಬ ಒಂದು ಕಡೆಯ ತಳ್ಳನ್ನು ಒಂಟಿಯಾಗಿ ತಡೆದು ನಿಲ್ಲಬೇಕು. ಫೋಟೋದಲ್ಲಿ ಎಣಿಸಿ ನೋಡಿ, ಗೊತ್ತಾಗುತ್ತದೆ. ನನ್ನ ಮೂರು ಕಮಾನಿಗೆ ದಪ್ಪ ಕಂಬದ ಅಗತ್ಯವಿಲ್ಲ, ಆನಿಕೆ ಗೋಡೆಗಳೇ ಆ ಕೆಲಸ ಮಾಡುತ್ತವೆ. ಆದರೆ ಮೂರಕ್ಕೂ ಬೇರೆ ಬೇರೆ ಸೆಂಟ್ರಿಂಗ್ ಮಾಡಲೇಬೇಕಾಯಿತು. ಒಂದೇ ಸೆಂಟ್ರಿಂಗನ್ನು ಬಿಚ್ಚಿ ಪಕ್ಕಕ್ಕೆ ಹಾಕಿ ಪ್ಲೈವುಡ್ ಉಳಿಸೋಣ ಅಂದರೆ ಮೇಲಿನ ಲೆಕ್ಕ ಬಿಡಲ್ಲ. ಮೂರನ್ನೂ ಮುಗಿಸಿ, ಮೂರರ ಬೆಣೆಯನ್ನೂ ಸರದಿಯಂತೆ ಸ್ವಲ್ಪ ಸ್ವಲ್ಪ ತಟ್ಟಿ ಇಳಿಸಿದೆ. ಮೇಸ್ತ್ರಿ ಗುಂಡುದಾರ ಹಿಡಿದು ಕಂಬ ನೋಡುತ್ತಿದ್ದರು, ನಾನು ಬೆಣೆ. ಎರಡನೇ ಕಂಬ ಕೂದಲೆಳೆ ಅಲ್ಲಾಡಿತು ಅಂದರು, ನನ್ನ ಅಳತೆಗೆ ಸಿಗಲಿಲ್ಲ. ಅವರ ಕಣ್ಣನ್ನೇ ನಂಬಿ ಆ ಬೆಣೆಯನ್ನು ಕೊನೆಗೆ ಇಳಿಸಿದೆ.

ಹೊಟ್ಟೆಗೆ ಏನು

ಪಕ್ಕದ ಗೋಡೆಗಳು ಏಳುತ್ತಿರುವಾಗ ಮೇಸ್ತ್ರಿ ಕೇಳಿದರು.

"ಇದರ ಹೊಟ್ಟೆಗೆ ಏನ್ ತುಂಬ್ತೀಯ?"

"ಹೆಗಲಿಗೆ ಸುಣ್ಣ-ಕಲ್ಲು, ಅದರ ಮೇಲೆ ಈ ಕೆಂಪು ಮಣ್ಣೇ ತುಂಬಿಬಿಡೋಣ ಅಂತ."

"ಮಣ್ಣು ಬ್ಯಾಡ. ಮಣ್ಣು ನೀರು ಕುಡೀತೈತೆ, ಕುಡಿದು ಗೋಡೆ ನೂಕ್ತೈತೆ. ಜಲ್ಲಿ ಹಾಕು. ನೀರು ಎಲ್ಲಿಂದ ಹೊರಗೆ ಹೋಗ್ತೈತೆ ಅದನ್ನ ಮೊದ್ಲು ತೋರ್ಸು ನಂಗೆ."

ರಿಬ್ಬಲ್‌ಹೆಡ್‌ಗೆ ಆಗಿದ್ದೂ ಇದೇ ಕಾಯಿಲೆ. ನೂರು ವರ್ಷ ಮಳೆನೀರು ಹಳಿಯ ಕೆಳಗಿಂದ ಇಳಿದು, ಕಮಾನುಗಳೊಳಗೆ ಜಿನುಗಿ, ಚಳಿಗಾಲದಲ್ಲಿ ಹೆಪ್ಪುಗಟ್ಟಿ ಹಿಗ್ಗಿ ಗಾರೆಯನ್ನು, ಇಟ್ಟಿಗೆಯನ್ನು ಕಿತ್ತಿತು. 1980ರ ದಶಕದಲ್ಲಿ ರಿಪೇರಿ ಖರ್ಚು ತೋರಿಸಿ ಮಾರ್ಗವನ್ನೇ ಮುಚ್ಚುವ ಪ್ರಸ್ತಾಪ ಬಂತು. ಭಾರ ಕಡಿಮೆ ಮಾಡಲು 1985ರಲ್ಲಿ ಸೇತುವೆಯ ಮೇಲೆ ಎರಡು ಹಳಿ ಇದ್ದದ್ದನ್ನು ಒಂದು ಮಾಡಿದರು. ಜನ ಬಿಡಲಿಲ್ಲ, 1989ರಲ್ಲಿ ಮುಚ್ಚುವ ಪ್ರಸ್ತಾಪ ಬಿದ್ದುಹೋಯಿತು, 1990ರಿಂದ 92ರವರೆಗೆ ದೊಡ್ಡ ರಿಪೇರಿ ನಡೆಯಿತು. ಇವತ್ತಿಗೂ ರೈಲು ಓಡುತ್ತಿದೆ. ಅಷ್ಟು ದೊಡ್ಡ ಕಲ್ಲಿನ ರಾಶಿಯನ್ನು ರೈಲಿನ ಭಾರ ಅಲ್ಲಾಡಿಸಲಿಲ್ಲ, ಮೇಲಿಂದ ಇಳಿದ ಮಳೆನೀರು ಮುಚ್ಚಿಸುವ ಹಂತಕ್ಕೆ ತಂದಿತ್ತು.

ನಮ್ಮಲ್ಲಿ ಹಿಮ ಇಲ್ಲ, ಮಳೆಯೂ ಕಮ್ಮಿ. ಮಾರಿಕಣಿವೆ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬೀಳಲು 2022 ಬರಬೇಕಾಯಿತು, ಅಂಥ ಸೀಮೆ. ಆದರೆ ಬಂದರೆ ಒಂದೇ ಸಂಜೆಗೆ ಹಿತ್ತಲು ತುಂಬುವ ಹಾಗೆ ಬರುತ್ತದೆ.

ಹೆಗಲ ತುಂಬಿಗೆ ಸುಣ್ಣದ ಗಾರೆ, ಜೊತೆಗೆ ಹಳೇ ಹೆಂಚು ಕುಟ್ಟಿ ಜರಡಿ ಹಿಡಿದ ಸುರ್ಕಿ. ಒಂದು ಪಾಲು ಸುಣ್ಣ, ಒಂದು ಸುರ್ಕಿ, ಎರಡು ಮರಳು. ಬರೀ ಸುಣ್ಣ ಗಾಳಿ ತಾಗಿದ ಕಡೆ ಮಾತ್ರ ಗಟ್ಟಿಯಾಗುತ್ತದೆ, ಸುರ್ಕಿ ಸೇರಿದರೆ ಒಳಗೆ ತೇವದಲ್ಲೂ ಕಚ್ಚುತ್ತದೆ. ಸಿಮೆಂಟ್ ಯಾಕಲ್ಲ ಅಂದರೆ ಅದು ಕಲ್ಲಿನ ಹಾಗೇ ಬಿರುಸು. ಕಲ್ಲುಗಳು ಕೂದಲೆಳೆ ತಿರುಗಬೇಕಾಗಿ ಬಂದಾಗ ಸುಣ್ಣ ಜೊತೆಗೆ ಹೊಂದಿಕೊಳ್ಳುತ್ತದೆ, ಸಿಮೆಂಟ್ ಸೀಳುತ್ತದೆ ಇಲ್ಲವೇ ಕಲ್ಲಿನ ಅಂಚನ್ನೇ ಕೀಳುತ್ತದೆ. ಮಾರಿಕಣಿವೆಯ ಕಲ್ಲಿನ ಗೋಡೆ ಸಿಮೆಂಟ್ ಇಲ್ಲದೆ ಸುಣ್ಣದ ಗಾರೆಯಲ್ಲೇ 1907ರಿಂದ ನೀರು ಹಿಡಿದು ನಿಂತಿದೆ, ಸಂಶಯ ಇದ್ದವರು ಹೋಗಿ ನೋಡಬಹುದು.

ಗಾರೆಯ ಮೇಲ್ಮೈಯನ್ನು ಪ್ರತಿ ಕಂಬದ ನೆತ್ತಿಯ ಕಡೆಗೆ ಇಳಿಜಾರು ಮಾಡಿ, ಅದರ ಮೇಲೆ ದಪ್ಪ ಎಚ್‌ಡಿಪಿಇ ಪ್ಲಾಸ್ಟಿಕ್ ಹಾಳೆ ಹಾಸಿದೆ. ಇಳಿಜಾರು ಸೇರುವ ತಗ್ಗಿನಲ್ಲಿ ಅರ್ಧ ಇಂಚಿನ ಪಿವಿಸಿ ಪೈಪು, ಗೋಡೆಯಿಂದ ಎರಡು ಸೆಂ.ಮೀ. ಹೊರಕ್ಕೆ ಚಾಚಿದೆ. ಪೈಪಿನ ನೀರು ಕಲ್ಲಿನ ಮೈ ಮೇಲೆ ಹರಿದರೆ ಪಾಚಿ ಕಟ್ಟುತ್ತದೆ, ಅದಕ್ಕೇ ಚಾಚಿದ್ದು. ಪೈಪಿನ ಬಾಯಿಗೆ ಸೊಳ್ಳೆ ಪರದೆಯ ತುಂಡು ಕಟ್ಟಿ, ಸುತ್ತ ದಪ್ಪ ಜಲ್ಲಿ, ಅದರ ಮೇಲೆ ಸಣ್ಣ ಜಲ್ಲಿ.

ಹಾಳೆ ಮುಚ್ಚುವ ಮೊದಲು ಬಟ್ಟೆಗೆ ಹಾಕುವ ನೀಲಿ ಕಲಸಿದ ಎರಡು ಬಕೆಟ್ ನೀರು ಸುರಿದೆ. ಎರಡು ಪೈಪಿನಲ್ಲಿ ನೀಲಿ ಧಾರೆ ಬಂತು. ಕಮಾನಿನ ಕೆಳಗೆ ಕನ್ನಡಿ ಹಿಡಿದು ನೋಡಿದರೆ ಮಧ್ಯದ ಕಮಾನಿನ ಏಳನೇ ಸಂದಿಯಲ್ಲಿ ಒಂದು ನೀಲಿ ಹನಿ. ಹಾಳೆ ಗೋಡೆಗೆ ತಾಗುವ ಅಂಚಿನಲ್ಲಿ ನುಸುಳಿತ್ತು. ಆ ಅಂಚನ್ನು ಗೋಡೆಯ ಮೇಲಕ್ಕೆ ಮೂರು ಸೆಂ.ಮೀ. ಮಡಚಿ, ಸಂದಿಗೆ ಸುಣ್ಣ ತೀಡಿ ಮತ್ತೆ ಸುರಿದೆ. ಕನ್ನಡಿ ಒಣಗಿತ್ತು. ಮೇಸ್ತ್ರಿ ಪೈಪಿನ ಬಾಯಿ ನೋಡಿ, "ಈಗ ಮುಚ್ಚು" ಅಂದರು.

ಹಳಿ

ಮೂರು ಕಮಾನು ಒಟ್ಟು 145 ಸೆಂ.ಮೀ., ಆನಿಕೆ ಗೋಡೆಗಳ ಮೇಲಿನ ಭಾಗ ಸೇರಿ ಮೂರು ಮೀಟರ್ ಹಳಿ. ಅಲ್ಯೂಮಿನಿಯಂ ಹಳಿ ಬಿಸಿಲಿಗೆ ಚೆನ್ನಾಗಿ ಹಿಗ್ಗುತ್ತದೆ. ಬೆಳಗಿನ ತಂಪಿಗೂ ಏಪ್ರಿಲ್ ಮಧ್ಯಾಹ್ನದ ಕಾವಿಗೂ 30 ಡಿಗ್ರಿ ವ್ಯತ್ಯಾಸ ಅಂದುಕೊಂಡರೆ ಮೂರು ಮೀಟರಿಗೆ ಎರಡು ಮಿ.ಮೀ. ಹಳಿಯನ್ನು ಸೇತುವೆಗೆ ಸ್ಕ್ರೂ ಹಾಕಿ ಬಿಗಿದಿಲ್ಲ, ಜಲ್ಲಿಯ ಮೇಲೆ ತೇಗದ ಸ್ಲೀಪರ್ ಇಟ್ಟು ಕೂರಿಸಿದ್ದೇನೆ. ತುದಿಯಲ್ಲಿ ಮೂರು ಮಿ.ಮೀ. ಜಾಗ, ಹಳಿ ಜೋಡಿಸುವ ಪಟ್ಟಿಯ (ಫಿಶ್‌ಪ್ಲೇಟಿನ) ತೂತು ಉದ್ದುದ್ದ. ಬಿಗಿದಿದ್ದರೆ ಹಳಿ ಹಿಗ್ಗುವಾಗ ಮೇಲಿನ ಗೋಡೆಯನ್ನೂ ಎಳೆದುಕೊಂಡು ಹೋಗುತ್ತಿತ್ತು.

ರೈಲು ಓಡುತ್ತಿದೆ. ಪ್ಯಾರಪೆಟ್ ಇನ್ನೂ ಒಂದು ಕಡೆಯದು ಬಾಕಿ, ಅದಕ್ಕೆ ಬೇಕಾದ ಕಲ್ಲು ಮೇಸ್ತ್ರಿ ಕೆತ್ತುತ್ತಿದ್ದಾರೆ. ನೆತ್ತಿಯ ಕೆಳಗೆ ಮೂರು ಕಡೆ, ಸಂದಿಗೆ ಅಡ್ಡಲಾಗಿ, ಕಿರುಬೆರಳಿನಗಲದ ಗಾಜಿನ ಚೂರುಗಳನ್ನು ಸುಣ್ಣದಲ್ಲಿ ಅಂಟಿಸಿದ್ದೇನೆ. ಸಂದಿ ಬಾಯಿ ಬಿಟ್ಟರೆ ಗಾಜು ಸೀಳುತ್ತದೆ, ನೋಡಿದ ಕೂಡಲೇ ಗೊತ್ತಾಗುತ್ತದೆ. ಸದ್ಯಕ್ಕೆ ಮೂರೂ ಹಾಗೇ ಇವೆ. ಜಿಗ್‌ನ ಅಳತೆ ಬೇಕಾದವರು ಕೇಳಿ, ಕಲ್ಲಿನ ಸಂಖ್ಯೆ ಮತ್ತು ಒಳತ್ರಿಜ್ಯ ತಿಳಿಸಿದರೆ ನಿಮ್ಮ ಕೋನ ಲೆಕ್ಕ ಹಾಕಿ ಕೊಡುತ್ತೇನೆ.